ಬೆಂಚಿನಿಂದ ಎದ್ದು ಬಂದವನಷ್ಟೇ ನೆನಪಿರೋದಾ?

ನಿನ್ನೆ ಹೊಸವರ್ಷದ ಊಟಕ್ಕೆ ಗೆಳೆಯನ ಮನೆಗೆ ಹೋಗಿದ್ದೆವು. ಬಿಸಿಬೇಳೆಬಾತ್ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ. ಟಿವಿಯಲ್ಲಿ ಕಾಲೇಜು ಫುಟ್‌ಬಾಲ್ ಹಾಕಿದ್ದರು. ಅದೇ, ಕಾಲಿಗಿಂತ ಕೈಗೇ ಜಾಸ್ತಿ ಕೆಲಸ ಇರುವ ಅಮೆರಿಕದ ಫುಟ್‌ಬಾಲ್. ನಡುವೆ ಯಾರೋ ಫೋನಿನಲ್ಲಿ ಹಳೇ ಕಪ್ಪುಬಿಳುಪು ತುಣುಕು ತೋರಿಸಿದರು. ಒಬ್ಬ ಚೆಂಡು ಅವುಚಿಕೊಂಡು ಗೆರೆಯ ಪಕ್ಕದಲ್ಲೇ ಓಡುತ್ತಿದ್ದಾನೆ. ಎದುರು ತಂಡದ ಬೆಂಚಿನಿಂದ ಇನ್ನೊಬ್ಬ ಹೆಲ್ಮೆಟ್ಟೂ ಇಲ್ಲದೆ ನುಗ್ಗಿ ಅವನನ್ನು ಕೆಡವುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. 'ಓಡ್ತಿದ್ದವನ ಹೆಸರು ಗೊತ್ತೇನ್ರಪ್ಪಾ?' ಎಂದೆ. ಒಬ್ಬರಿಗೂ ಗೊತ್ತಿಲ್ಲ! ಎಲ್ಲರೂ ವರ್ಷಗಟ್ಟಲೆ ಡಲ್ಲಾಸಿನಲ್ಲಿ ಮನೆ ಮಾಡಿಕೊಂಡು ಕೂತವರು. ಆ ಆಟ ನಡೆದದ್ದು ಇದೇ ಊರಿನ ಫೇರ್ ಪಾರ್ಕಿನಲ್ಲಿ. 1954ರ ಜನವರಿ 1, ಕಾಟನ್ ಬೌಲ್ ಎಂಬ ಕಾಲೇಜು ಫುಟ್‌ಬಾಲ್ ಪಂದ್ಯ. ಹ್ಯೂಸ್ಟನ್ನಿನ ರೈಸ್ ಕಾಲೇಜಿನ ತಂಡ ಒಂದು ಕಡೆ, ಅಲಬಾಮಾ ವಿಶ್ವವಿದ್ಯಾಲಯದ್ದು ಇನ್ನೊಂದು ಕಡೆ.

ಓಡುತ್ತಿದ್ದವನು ಡಿಕಿ ಮೇಗಲ್. ಅವತ್ತು ಚೆಂಡು ಹಿಡಿದು ಓಡಿದ್ದು 11 ಸಲ. ದಾಟಿದ್ದು 265 ಗಜ. ಈ ಆಟದಲ್ಲಿ 10 ಗಜ ಮುಂದೆ ಹೋಗಲು ಒಂದು ತಂಡಕ್ಕೆ ನಾಲ್ಕು ಅವಕಾಶ ಕೊಡುತ್ತಾರೆ. ಅದಕ್ಕೇ ಘಟಾನುಘಟಿಗಳು ಏದುಸಿರು ಬಿಡುತ್ತಾರೆ. ಈ ಮನುಷ್ಯ ಸಲಕ್ಕೆ 24 ಗಜದ ಲೆಕ್ಕದಲ್ಲಿ ಓಡಿದ್ದಾನೆ. ಮೂರು ಟಚ್‌ಡೌನ್ (ಅಂದರೆ ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿ ಅಂಕ ಗಳಿಸೋದು), 79 ಗಜದ್ದೊಂದು, 95 ಗಜದ್ದೊಂದು, 34 ಗಜದ್ದೊಂದು. ರೈಸ್ 28-6ರಲ್ಲಿ ಗೆದ್ದಿತು. ಇಷ್ಟೆಲ್ಲ ಮಾಡಿದವನನ್ನು ಜನ ಏನಂತ ನೆನಪಿಟ್ಟುಕೊಂಡಿದ್ದಾರೆ ಹೇಳಿ? ಬೆಂಚಿನವನ ಕೈಯಲ್ಲಿ ಬಿದ್ದವನು ಅಂತ! ಒಬ್ಬ ಮುನ್ನೂರು ರನ್ ಹೊಡೆದ ಟೆಸ್ಟ್ ಪಂದ್ಯವನ್ನು 'ಅದೇ, ಮೈದಾನಕ್ಕೆ ನಾಯಿ ನುಗ್ಗಿತ್ತಲ್ಲ, ಅದು' ಎಂದ ಹಾಗಾಯಿತು.

ಆ 95 ಗಜದ ಓಟವೇ ಈ ತುಣುಕು. ತನ್ನ ತಂಡದ ಕೊನೇ ಗೆರೆಗೆ 5 ಗಜ ದೂರದಿಂದ ಹೊರಟ. ಬಲಕ್ಕೆ ಹೊರಳಿ, ಅಲಬಾಮಾದವರು ಕೂತಿದ್ದ ಕಡೆಯ ಅಂಚು ಹಿಡಿದು ಅರ್ಧ ಮೈದಾನ ದಾಟಿಬಿಟ್ಟಿದ್ದ. ಮುಂದೆ ಒಂದು ನರಪಿಳ್ಳೆ ಇರಲಿಲ್ಲ. ಆಗ ಎದ್ದು ಬಂದ ನೋಡಿ, ಟಾಮಿ ಲೂಯಿಸ್. ತಮಾಷೆ ಏನೆಂದರೆ ಅಲಬಾಮಾದ ಆ 6 ಅಂಕ ಗಳಿಸಿಕೊಟ್ಟವನು ಇವನೇ. ಅದೂ ಯಾರಿಗೂ ನೆನಪಿಲ್ಲ. ರೆಫರಿ ಕ್ಲಿಫ್ ಶಾ ಮುಲಾಜು ನೋಡದೆ ಟಚ್‌ಡೌನ್ ಕೊಟ್ಟ. 95 ಗಜವನ್ನೂ ಮೇಗಲ್ ಲೆಕ್ಕಕ್ಕೇ ಬರೆದರು.

ಇದನ್ನು ಹೇಳಿದ್ದೇ ತಪ್ಪಾಯಿತು. ನಮ್ಮಲ್ಲೊಬ್ಬ ಲೆಕ್ಕಪರಿಶೋಧಕ ಇದ್ದಾನೆ, ಹೆಸರು ಬೇಡ. 'ಹಾಗಾದ್ರೆ ಕೊನೇ ನಲವತ್ತು ಗಜ ಅವನು ಓಡೇ ಇಲ್ಲವಲ್ಲೋ, 265 ಅನ್ನೋದು ಸುಳ್ಳು ಲೆಕ್ಕ' ಎಂದ. ಸರಿಯಪ್ಪಾ. ಆ ನಲವತ್ತು ಕಳೆದುಬಿಡು. ಆಮೇಲೂ 220ರ ಮೇಲೆ ಉಳಿಯುತ್ತದೆ, ಹನ್ನೊಂದೇ ಓಟಕ್ಕೆ. ಕಾಟನ್ ಬೌಲ್‌ನ ಒಂದೇ ಆಟದಲ್ಲಿ ಅತಿ ಹೆಚ್ಚು ಗಜ ಓಡಿದ ಆ ದಾಖಲೆ ಮುರಿಯಲು 2008ರ ತನಕ ಕಾಯಬೇಕಾಯಿತು. ಮಿಸ್ಸೌರಿಯ ಟೋನಿ ಟೆಂಪಲ್ 281 ಗಜ ಓಡಿ ಮುರಿದ. ಕೇಳಿದ್ದೀರಾ ಅವನ ಹೆಸರು? ಇಲ್ಲ ತಾನೇ? ಪಾಪ, ಅವನನ್ನು ಯಾರೂ ಬೆಂಚಿನಿಂದ ಬಂದು ಕೆಡವಲಿಲ್ಲ.

'ಲೂಯಿಸ್ ಇಲ್ಲದಿದ್ದರೆ ಮೇಗಲ್‌ನನ್ನೂ ಮರೆಯುತ್ತಿದ್ದರು, ಅವನಿಂದಲೇ ಹೆಸರು ಉಳಿಯಿತು' ಎಂದು ಇನ್ನೊಬ್ಬರ ವಾದ. ಯಾವ ಹೆಸರು ಉಳಿಯಿತು ಸ್ವಾಮಿ? ಮೇಗಲ್‌ನ ಹೆಸರನ್ನು ಆಗ ಇಂಗ್ಲಿಷಿನಲ್ಲಿ ಬರೆಯುತ್ತಿದ್ದುದೇ ಬೇರೆ ಥರ, Moegle ಅಂತ. ಓದಿದವರೆಲ್ಲ ಮೋಗಲ್ ಎನ್ನುತ್ತಿದ್ದರು. ಕೊನೆಗೆ ಅವನೇ ಬೇಸತ್ತು ಓ ತೆಗೆದು ಎ ಹಾಕಿಕೊಂಡ. ಇಲ್ಲಿನ ಕಾಫಿ ಅಂಗಡಿಗಳಲ್ಲಿ ನನ್ನ ಹೆಸರಿಗೆ ಆಗುವ ಗತಿ ನಿಮಗೆ ಗೊತ್ತೇ ಇದೆ. ಹಾಗಾಗಿ ಇದು ನನಗೆ ಸ್ವಲ್ಪ ಜಾಸ್ತಿಯೇ ತಾಕುತ್ತದೆ.

ಲೂಯಿಸ್ ಮೇಲೆ ನನಗೆ ಸಿಟ್ಟಿಲ್ಲ. ಅವನು ಮಧ್ಯಂತರದಲ್ಲೇ ಹೋಗಿ ಕ್ಷಮೆ ಕೇಳಿದ. 'ನನ್ನೊಳಗೆ ಅಲಬಾಮಾನೇ ತುಂಬಿಕೊಂಡಿದೆ' ಅನ್ನೋ ಅರ್ಥದ ಮಾತು ಆಡಿದ. ಆಮೇಲೆ ಇಬ್ಬರನ್ನೂ ಎಡ್ ಸಲಿವನ್ ಟಿವಿ ಷೋಗೆ ಕರೆಸಿದರು. ಬಯ್ಯಲು ನನಗೆ ಬಾಯೂ ಇಲ್ಲ, ನಿಜ ಹೇಳಿಬಿಡುತ್ತೇನೆ. ಹೋದ ವರ್ಷ ಮಗನ ಸಾಕರ್ ಮ್ಯಾಚಿನಲ್ಲಿ ಚೆಂಡು ನಮ್ಮ ಗೋಲಿನ ಕಡೆ ಉರುಳುತ್ತಿತ್ತು. ಗೋಲ್‌ಕೀಪರ್ ಹುಡುಗ ಶೂ ಲೇಸ್ ಕಟ್ಟುತ್ತಾ ಕೂತಿದ್ದ. ನಾನು ಕುರ್ಚಿಯಿಂದ ಎದ್ದದ್ದು ನೆನಪಿದೆ. ಗೆರೆ ದಾಟಿದ್ದು ನೆನಪಿಲ್ಲ. ಚೆಂಡು ಕಾಲಿಗೆ ತಗುಲಿದಾಗಲೇ ಎಚ್ಚರವಾದದ್ದು. ಎಂಟು ವರ್ಷದ ಮಕ್ಕಳ ಆಟ ಮಾರಾಯ್ರೇ! ಮಗ ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಹೆಂಡತಿ ಮಾತ್ರ ಇವತ್ತಿಗೂ ಆಡುತ್ತಾಳೆ.

ಅವತ್ತು ಆ ಚೆಂಡು ಒದ್ದದ್ದು ಎದುರು ತಂಡದ ಪುಟ್ಟ ಹುಡುಗಿ. ನಾಲ್ಕು ಜನರನ್ನು ತಪ್ಪಿಸಿಕೊಂಡು ಬಂದಿದ್ದಳು. ಅವಳ ಹೆಸರು ನಾನು ಕೇಳಲೇ ಇಲ್ಲ.