ಆರು ಗಂಟೆಗೆ ಎರಡು ಹಸಿ ಮೊಟ್ಟೆ

ಫುಟ್‌ಬಾಲ್ ಇತಿಹಾಸದಲ್ಲಿ ನನಗೆ ಬಾಯಿಪಾಠವಾಗಿರುವುದು ಒಂದೇ ಒಂದು ಸಂಗತಿ. ಅದೂ ಗೋಲುಗಳ ಲೆಕ್ಕವಲ್ಲ, ಇಂಗ್ಲೆಂಡಿನ ಹಳೆಯ ತಂಡವೊಂದರ ಊಟದ ಪಟ್ಟಿ. ಬೆಳಿಗ್ಗೆ ಆರಕ್ಕೆ ಒಂದು ಗ್ಲಾಸ್ ಪೋರ್ಟ್ ವೈನ್, ಹಿಂದೆಯೇ ಎರಡು ಹಸಿ ಮೊಟ್ಟೆ. ಆಮೇಲೆ ಕಡಲ ದಂಡೆಯ ಮರಳಿನಲ್ಲಿ ನಡಿಗೆ. ತಿಂಡಿಗೆ ಓಟ್ಸ್ ಗಂಜಿ, ಹ್ಯಾಡಕ್ ಮೀನು. ಮಧ್ಯಾಹ್ನ ಕುರಿಯ ತೊಡೆ. ಸಂಜೆ ಮತ್ತೆ ಗಂಜಿ, ಒಂದು ಪಿಂಟ್ ಹಾಲು. ರಾತ್ರಿ ಮಲಗುವ ಮುಂಚೆ ತಲೆಗೆ ಆರಾರು ಆಯ್‌ಸ್ಟರ್, ಅಂದರೆ ಕಡಲ ಸಿಂಪಿ.

ನಾನು ವರ್ಷಕ್ಕೆರಡು ಸಲ ಡಯಟ್ ಶುರುಮಾಡುವವನು. ನಮ್ಮ ಮನೆ ಫ್ರಿಜ್ಜಿನ ಬಾಗಿಲಿಗೂ ಒಂದು ಪಟ್ಟಿ ಅಂಟಿಸಿದೆ. ರಾಗಿ ಅಂಬಲಿ, ಮೊಳಕೆ ಹೆಸರುಕಾಳು, ಸಕ್ಕರೆಯಿಲ್ಲದ ಕಾಫಿ. ಮೂರನೇ ದಿನಕ್ಕೆ ಆ ಪಟ್ಟಿಯ ಮೇಲೆಯೇ ಮಸಾಲೆ ದೋಸೆಯ ಎಣ್ಣೆ ಕೈ ಬಿದ್ದಿರುತ್ತದೆ. ಹಾಗಾಗಿ, ಪಟ್ಟಿಯಲ್ಲಿ ಬರೆದದ್ದನ್ನು ತಿಂದು ನಿಜಕ್ಕೂ ಏನನ್ನಾದರೂ ಗೆದ್ದವರನ್ನು ಕಂಡರೆ ನನಗೆ ಗೌರವ, ಜೊತೆಗೆ ಚೂರು ಹೊಟ್ಟೆಕಿಚ್ಚು.

ಆ ಹಸಿ ಮೊಟ್ಟೆಯ ಪಟ್ಟಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಫುಟ್‌ಬಾಲ್ ತಂಡದ್ದು. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಬ್ಲ್ಯಾಕ್‌ಬರ್ನ್ ಅಂದರೆ ಹತ್ತಿಬಟ್ಟೆಯ ಊರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಲ್ಲಿನ ಮಗ್ಗಗಳು ಹಗಲೆಲ್ಲ ಖಟಖಟ ಎನ್ನುತ್ತ ನಮ್ಮ ದೇಶಕ್ಕೆಂದೇ ಧೋತರ ನೇಯುತ್ತಿದ್ದವು. ನನ್ನ ಮುತ್ತಜ್ಜನ ಸೊಂಟದ ಪಂಚೆ ಈ ತಂಡದವನೊಬ್ಬ ನೇಯ್ದದ್ದೇ ಆಗಿದ್ದರೂ ಆಗಿರಬಹುದು, ಯಾರು ಕಂಡವರು!

1878ರಲ್ಲಿ ಊರಿನ ಎರಡು ಸಣ್ಣ ತಂಡಗಳು ಕೂಡಿ ಈ ಕ್ಲಬ್ ಹುಟ್ಟಿತು. ಗ್ರೀಸಿನ ಒಲಿಂಪಿಯಾದಲ್ಲಿ ಆಗ ನಡೆದಿದ್ದ ಉತ್ಖನನದ ಸುದ್ದಿಯಿಂದ ಹೆಸರು ಬಂತು. ಹೆಸರೇನೋ ದೇವಾನುದೇವತೆಗಳದ್ದು. ಆಡುತ್ತಿದ್ದ ಮೈದಾನಕ್ಕೆ ಮಾತ್ರ ಪಕ್ಕದ ಹೆಂಡದಂಗಡಿಯ ಹೆಸರು: ‘ಹೋಲ್ ಇ ತ್ ವಾಲ್’, ಅಂದರೆ ಗೋಡೆಯ ತೂತು. ತಂಡದಲ್ಲಿದ್ದವರಾದರೂ ಯಾರು? ನೇಕಾರರು ಮೂವರು, ನೂಲುವವನೊಬ್ಬ, ಕಬ್ಬಿಣದ ಕೆಲಸದವನೊಬ್ಬ, ಗುಮಾಸ್ತನೊಬ್ಬ, ಚಿತ್ರಕ್ಕೆ ಚೌಕಟ್ಟು ಕೂರಿಸುವವನೊಬ್ಬ. ಗೋಲ್‌ಕೀಪರ್ ಹಲ್ಲಿನ ಡಾಕ್ಟರ ಸಹಾಯಕ. ನಾಯಕ ಆಲ್ಬರ್ಟ್ ವಾರ್‌ಬರ್ಟನ್ ಪ್ಲಂಬರ್. ಒಂದು ಬೀದಿಯ ತುದಿಯಲ್ಲಿ ನಿಂತು ಕೂಗಿದರೆ ಮನೆ ರಿಪೇರಿಗೆ ಬೇಕಾದವರೆಲ್ಲ ಬಂದು ನಿಲ್ಲುವಂಥ ತಂಡ.

ಅವರನ್ನು ಪಳಗಿಸಿದವನು ಶೆಫೀಲ್ಡಿನಿಂದ ಬಂದ ಜ್ಯಾಕ್ ಹಂಟರ್. ಇಂಗ್ಲೆಂಡಿಗೆ ಆಡಿದ್ದವನು. ದೊಡ್ಡ ಪಂದ್ಯದ ಮುಂಚೆ ತಂಡವನ್ನು ಬ್ಲ್ಯಾಕ್‌ಪೂಲಿನ ಕಡಲತೀರಕ್ಕೆ ಕರೆದೊಯ್ದು, ಹೊತ್ತುಹೊತ್ತಿಗೆ ಉಣ್ಣಿಸಿ, ನಡೆಸಿ, ಮಲಗಿಸಿದ. ಆ ಕಾಲಕ್ಕೆ ಇದು ಕೇಳಿಲ್ಲದ ಸಂಗತಿ. ಖರ್ಚು ಕಳೆದು, ತಪ್ಪಿದ ದಿನಗೂಲಿ ಕೊಟ್ಟು, ಅದರ ಮೇಲೆ ಆಟಗಾರನ ಕೈಗೆ ಒಂದು ಕಾಸೂ ಹೋಗಬಾರದು ಎಂದಿತ್ತು ನಿಯಮ. ಬಾಯಿಗೆ ಎರಡು ಮೊಟ್ಟೆ ಒಡೆದು ಹಾಕಬಾರದು ಎಂದೇನೂ ಇರಲಿಲ್ಲವಲ್ಲ! ಊರಿನ ಕಬ್ಬಿಣದ ಫೌಂಡ್ರಿಯ ಧಣಿ ಸಿಡ್ನಿ ಯೇಟ್ಸ್ ದುಡ್ಡು ಬಿಚ್ಚಿದ.

1883ರ ಮಾರ್ಚ್ 31. ಲಂಡನ್ನಿನ ಓವಲ್ ಮೈದಾನದಲ್ಲಿ ಎಫ್‌ಎ ಕಪ್, ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಸಂಘದ ಕಪ್ಪಿನ ಫೈನಲ್. ಎದುರಿಗೆ ಹಿಂದಿನ ವರ್ಷ ಕಪ್ ಗೆದ್ದಿದ್ದ ಓಲ್ಡ್ ಈಟೋನಿಯನ್ಸ್: ಈಟನ್ ಶಾಲೆಯಲ್ಲಿ ಕಲಿತ ಸಿರಿವಂತರ ಮಕ್ಕಳು. ಅವರ ನಾಯಕ ಆರ್ಥರ್ ಕಿನೇರ್ಡ್ ಮುಂದೆ ಲಾರ್ಡ್ ಆದವನು. ಮೊದಲ ಗೋಲು ಹೊಡೆದ ಗುಡ್‌ಹಾರ್ಟ್ ಮುಂದೆ ಪ್ರೊಫೆಸರ್ ಆದ. ಈಟನ್ನಿನವರು ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬೊಬ್ಬರೇ ನುಗ್ಗುವವರು. ಒಲಿಂಪಿಕ್‌ನವರು ಮೈದಾನದ ಈ ಅಂಚಿನಿಂದ ಆ ಅಂಚಿಗೆ ಉದ್ದುದ್ದ ಪಾಸು ಕೊಡುವವರು. ಚೌಕಟ್ಟಿನ ಮ್ಯಾಥ್ಯೂಸ್ ಸಮ ಮಾಡಿದ. ಈಟನ್ ಕಡೆಯ ಡನ್ ಗಾಯವಾಗಿ ಹೊರಗೆ ಹೋದ. ಬದಲಿ ಆಟಗಾರ ಎಂಬ ಮಾತೇ ಆಗ ಇರಲಿಲ್ಲವಾದ್ದರಿಂದ ಹತ್ತೇ ಜನ ಉಳಿದರು. ತೊಂಬತ್ತು ನಿಮಿಷ ಮುಗಿದಾಗ 1-1. ಇನ್ನೂ ಅರ್ಧ ಗಂಟೆ ಆಡೋಣ ಎಂದಾಯಿತು. ಬ್ಲ್ಯಾಕ್‌ಪೂಲಿನ ಗಂಜಿ ಕೆಲಸಕ್ಕೆ ಬಂದದ್ದು ಅಲ್ಲಿ. ನೇಕಾರ ಯೇಟ್ಸ್ (ಧಣಿಯಲ್ಲ, ಇವನು ಬೇರೆ) ಚೆಂಡು ತೂರಿದ. ನೂಲುವ ಜಿಮ್ಮಿ ಕಾಸ್ಟ್ಲಿ ಒದ್ದು ಒಳಗೆ ಹಾಕಿದ. ಇಂಥ ದುಡಿಯುವವರ ತಂಡವೊಂದು ಆ ಕಪ್ ಗೆದ್ದದ್ದು ಅದೇ ಮೊದಲು.

ಊರಿನಲ್ಲಿ ಬ್ಯಾಂಡು, ಮೆರವಣಿಗೆ. ಕಪ್‌ಗೆ ಒಳ್ಳೆಯ ಮನೆ ಸಿಕ್ಕಿದೆ, ಇನ್ನು ಲಂಡನ್ನಿಗೆ ವಾಪಸು ಹೋಗುವ ಮಾತಿಲ್ಲ ಎಂದನಂತೆ ಪ್ಲಂಬರ್ ನಾಯಕ.

ಆದರೆ ಒಂದೇ ಊರಿನಲ್ಲಿ ಇನ್ನೊಂದು ಒಲೆಯೂ ಉರಿಯುತ್ತಿತ್ತು. ಬ್ಲ್ಯಾಕ್‌ಬರ್ನ್ ರೋವರ್ಸ್. ಮೂರು ವರ್ಷಕ್ಕೆ ದೊಡ್ಡದು, ದುಡ್ಡಿನಲ್ಲಿ ಅದಕ್ಕಿಂತ ದೊಡ್ಡದು. ಮುಂದಿನ ಮೂರೂ ವರ್ಷ ಕಪ್ ಎತ್ತಿದ್ದು ಅವರು. ತಮ್ಮ ಕಷ್ಟಪಟ್ಟು ತಂದದ್ದನ್ನು ಅಣ್ಣ ಉಂಡ ಹಾಗೆ. 1885ರಲ್ಲಿ ಆಟಗಾರರಿಗೆ ರಾಜಾರೋಷವಾಗಿ ಸಂಬಳ ಕೊಡಬಹುದೆಂದಾಯಿತು. ದುಡಿಯುವವರಿಗೆ ಒಳ್ಳೆಯದಾಯಿತು ಅಂದುಕೊಳ್ಳಬೇಕು. ಆದರೆ ದುಡಿಯುವವರ ಕ್ಲಬ್ಬಾದ ಒಲಿಂಪಿಕ್‌ಗೆ ಅದೇ ಮುಳುವಾಯಿತು. ಕೊಡಲು ಕಾಸಿಲ್ಲ. ಸಂಬಳ ಕತ್ತರಿಸಿದರು, ಒಳ್ಳೆಯ ಆಟಗಾರರು ಎದ್ದು ಹೋದರು. 1888ರಲ್ಲಿ ಹನ್ನೆರಡು ತಂಡಗಳ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಊರಿಗೊಂದೇ ಎಲೆ ಹಾಕಿದರು. ಬ್ಲ್ಯಾಕ್‌ಬರ್ನಿನ ಎಲೆಯ ಮುಂದೆ ರೋವರ್ಸ್ ಕೂತಾಗಿತ್ತು. ಮರುವರ್ಷ, 1889ರ ಸೆಪ್ಟೆಂಬರಿನಲ್ಲಿ ಒಲಿಂಪಿಕ್ ಬಾಗಿಲು ಹಾಕಿತು. ಹನ್ನೊಂದೇ ವರ್ಷ. ಗೋಡೆತೂತಿನ ಮೈದಾನವಿದ್ದಲ್ಲಿ ಆಮೇಲೆ ಕಾಲೇಜು ಬಂತು.

ವಾರ್‌ಬರ್ಟನ್‌ನ ಮಾತು ಒಂದು ಲೆಕ್ಕಕ್ಕೆ ಸುಳ್ಳಾಗಲಿಲ್ಲ. ಅವರು ಎತ್ತಿಹಿಡಿದ ಆ ಪುಟ್ಟ ಬೆಳ್ಳಿ ಕಪ್ ಲಂಡನ್ನಿನ ಯಾವ ತಂಡದ ಪಾಲಿಗೂ ಮತ್ತೆ ಬರಲಿಲ್ಲ. 1895ರ ಸೆಪ್ಟೆಂಬರಿನ ಒಂದು ರಾತ್ರಿ ಬರ್ಮಿಂಗ್‌ಹ್ಯಾಮಿನ ಅಂಗಡಿಯೊಂದರ ಗಾಜಿನ ಕಿಟಕಿಯಿಂದ ಕಳುವಾಯಿತು. 1958ರಲ್ಲಿ ಎಂಬತ್ತು ದಾಟಿದ ಮುದುಕನೊಬ್ಬ ಪತ್ರಿಕೆಯವರ ಮುಂದೆ ಕೂತು, ಕದ್ದವನು ನಾನೇ, ಕರಗಿಸಿ ಖೋಟಾ ನಾಣ್ಯ ಹೊಯ್ದೆವು ಎಂದ. ನಂಬಿದವರೂ ಇದ್ದರು, ನಂಬದವರೂ ಇದ್ದರು. ನಾಲ್ಕು ಕಾಸಿಲ್ಲದೆ ಸತ್ತ ಕ್ಲಬ್ಬಿನ ಕಪ್, ಕಡೆಗೆ ಕಾಸೇ ಆಗಿ ಯಾವ ಯಾವ ಹೋಟೆಲಿನಲ್ಲಿ ಯಾರ ಯಾರ ಗಂಜಿಗೆ ಸಂದಿತೋ.