ಯಜಮಾನ್ರೇ, ಸೈಡಿಗೆ ಹೋಗಿ

ದೊಡ್ಡಪ್ಪನಿಗೆ ಬ್ಯಾಟರಿ ವೀಲ್‌ಚೇರ್ ಕೊಡಿಸಿದ ಮೇಲೆ ಒಂದು ವಿಷಯ ಗೊತ್ತಾಯಿತು. ತುಮಕೂರಿನಲ್ಲಿ ಟ್ರಾಫಿಕ್ ಕಾನೂನು ತಿಳಿಯದವರು ಒಬ್ಬರೂ ಇಲ್ಲ. ಫುಟ್‌ಪಾತ್ ಹತ್ತಿದರೆ ಅಂಗಡಿಯವನು "ಯಜಮಾನ್ರೇ, ಗಾಡಿ ಕೆಳಗಿಳಿಸಿ" ಅನ್ನುತ್ತಾನೆ. ಬಿ.ಎಚ್. ರಸ್ತೆಗೆ ಇಳಿದರೆ ಆಟೋದವನು "ಮೇಲೆ ಹೋಗ್ಬಾರ್ದಾ?" ಅನ್ನುತ್ತಾನೆ. ಮೇಲೆ ಅಂದರೆ ಫುಟ್‌ಪಾತೋ, ಇನ್ನೂ ಮೇಲೋ, ಬಿಡಿಸಿ ಹೇಳುವುದಿಲ್ಲ.

ಮೊನ್ನೆ ಒಬ್ಬರು ಲೈಸೆನ್ಸ್ ಕೇಳಿದರು. ಸದ್ಯ, ಹೆಲ್ಮೆಟ್ ಕೇಳಲಿಲ್ಲ.

ನಿಯಮ ಇಲ್ಲ ಅಂತಲ್ಲ. ಮೋಟಾರು 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಪರೀಕ್ಷೆ ಮಾಡುವ ಸಂಸ್ಥೆ ಒಪ್ಪಿದರೆ ಬ್ಯಾಟರಿ ಗಾಡಿ ಮೋಟಾರು ವಾಹನವೇ ಅಲ್ಲ. ಸರಿ, ಮತ್ತೇನು ಅದು? ಇಂಗ್ಲೆಂಡಿನವರು ಇಂಥ ಗಾಡಿಗೆ ಫುಟ್‌ಪಾತಿನಲ್ಲಿ ಗಂಟೆಗೆ 4 ಮೈಲಿ, ರಸ್ತೆಗಿಳಿಯುವ ದೊಡ್ಡದಕ್ಕೆ 8 ಮೈಲಿ ಅಂತ ಗೆರೆ ಹಾಕಿಟ್ಟಿದ್ದಾರೆ. ನಮಗೆ ಆ ತಾಪತ್ರಯ ಇಲ್ಲ. ಎಲ್ಲೂ ಓಡಿಸೋಕಾಗದ ಗಾಡಿಗೆ ವೇಗದ ಮಿತಿ ಯಾಕೆ ಹೇಳಿ?

ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. ಅಂಗವಿಕಲರಿಗೆಂದೇ ತಯಾರಾದ ಮೋಟಾರು ಗಾಡಿಯನ್ನು ನಮ್ಮ 1988ರ ಮೋಟಾರು ವಾಹನ ಕಾಯ್ದೆ 'ಇನ್‌ವ್ಯಾಲಿಡ್ ಕ್ಯಾರೇಜ್' ಅಂತ ಕರೆಯುತ್ತಿತ್ತು. ಎಟಿಎಂನಲ್ಲಿ ತಪ್ಪು ಪಿನ್ ಒತ್ತಿದರೆ ಬರುತ್ತಲ್ಲ, ಅದೇ ಇನ್‌ವ್ಯಾಲಿಡ್! ಅಲ್ಲಿ ಅರ್ಥ 'ಅಸಿಂಧು', ಇಲ್ಲಿ 'ಅಶಕ್ತ'; ಸ್ಪೆಲ್ಲಿಂಗ್ ಒಂದೇ. 2019ರ ತಿದ್ದುಪಡಿಯಲ್ಲಿ 'ಅಡಾಪ್ಟೆಡ್ ವೆಹಿಕಲ್', ಅಂದರೆ ಹೊಂದಿಸಿದ ಗಾಡಿ ಆಯಿತು. ಹೆಸರು ಅಡಾಪ್ಟ್ ಆಯಿತು, ರಸ್ತೆ ಆಗಲಿಲ್ಲ.

ನಮ್ಮದು ಸ್ಮಾರ್ಟ್ ಸಿಟಿ ಬೇರೆ, 2016ರಿಂದ. ಫುಟ್‌ಪಾತಿಗೆ ಚೆಂದದ ಟೈಲ್ಸ್ ಇದೆ. ಬೈಕ್ ನುಗ್ಗಬಾರದು ಅಂತ ಕಲ್ಲಿನ ಗೂಟ ನೆಟ್ಟಿದ್ದಾರೆ. ಬೈಕಿನವನು ಪಕ್ಕದ ಅಂಗಡಿ ಮೆಟ್ಟಿಲಿಂದ ಹತ್ತಿಸಿಕೊಂಡು ಹೋಗುತ್ತಾನೆ. ಗೂಟದ ಮುಂದೆ ನಿಲ್ಲುವುದು ದೊಡ್ಡಪ್ಪ ಒಬ್ಬರೇ. ಅಂಚಿನ ಕಲ್ಲು 150 ಮಿ.ಮೀ. ಮೀರಬಾರದು ಅಂತ ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 2012ರಲ್ಲೇ ಬರೆದಿಟ್ಟಿದೆ. ನಮ್ಮ ಬೀದಿಯದು ನನ್ನ ಮೊಣಕಾಲಿಗೆ ಬರುತ್ತೆ. ಯಾರು ಅಳೆದರು, ಯಾರು ಬಿಲ್ ಪಾಸ್ ಮಾಡಿದರು? ಗಾಲಿ ಕುರ್ಚಿಯಲ್ಲಿ ಕೂತು ಹತ್ತು ಹೆಜ್ಜೆ ದೂರ ಹೋಗಿ ನೋಡಿದ್ದರಾ ಇವರು? ತಮಾಷೆ ಮಾಡಿ ಮಾಡಿ ಸಾಕಾಗಿದೆ.

ಭಾನುವಾರ ಒಂದು ಇಳಿಜಾರು ಸಿಕ್ಕಿತು, ನಿಜವಾದ ರ‍್ಯಾಂಪ್. ಅದರ ಮೇಲೆ ಸ್ಕೂಟರ್ ನಿಂತಿತ್ತು. ಅದರ ಯಜಮಾನ ತಟ್ಟೆ ಇಡ್ಲಿ ತಿನ್ನುತ್ತಿದ್ದ. ಚಟ್ನಿ ಕೈ ಎತ್ತಿ "ಎರಡೇ ನಿಮಿಷ ತಾತ" ಅಂದ. ದೊಡ್ಡಪ್ಪ ಬ್ಯಾಟರಿ ಉಳಿಯಲಿ ಅಂತ ಸ್ವಿಚ್ ಆಫ್ ಮಾಡಿ ಕೂತರು.

ಅವನು ಇನ್ನೊಂದು ಪ್ಲೇಟ್ ಹೇಳಿದ.