ಚಿಗರಿ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆ?

ಪರ

ಸಂಜೆ ಹುಬ್ಬಳ್ಳಿಯ ಉಣಕಲ್ ಕೆರೆಯ ಬಳಿ ರಸ್ತೆ ನಡುವಿನ ಚಿಗರಿ ಪಥ, ಅಂದರೆ ಚಿಗರಿ ಎಂಬ ತ್ವರಿತ ಬಸ್ಸುಗಳಿಗೆ ಮೀಸಲಾದ ದಾರಿ, ಬಿಕೋ ಎನ್ನುತ್ತಿರುತ್ತದೆ. ಬೇಲಿಯ ಈಚೆ ಬೈಕು, ಆಟೊ, ಲಾರಿ, ಮಾಮೂಲಿ ಬಸ್ಸುಗಳು ಒಂದರ ಬೆನ್ನಿಗೊಂದು ತೆವಳುತ್ತಿರುತ್ತವೆ. ಹುಬ್ಬಳ್ಳಿ–ಧಾರವಾಡದ ನಡುವಿನ ಈ ಸುಮಾರು 22 ಕಿಲೋಮೀಟರ್ ದಾರಿಗಾಗಿ ರಸ್ತೆಬದಿಯವರು ಜಾಗ ಬಿಟ್ಟುಕೊಟ್ಟಿದ್ದಾರೆ. ಈಗ ಅವರೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಖಾಲಿ ರಸ್ತೆ ನೋಡುತ್ತ ನಿಲ್ಲಬೇಕೆ?

ಬಸ್ಸು ಹತ್ತುವುದೂ ಸಲೀಸಲ್ಲ. ನಿಲ್ದಾಣಗಳಿರುವುದು ನಟ್ಟನಡುವೆ, ವಯಸ್ಸಾದವರು ಜೀವ ಕೈಯಲ್ಲಿ ಹಿಡಿದು ದಾಟಬೇಕು. ಮಳೆಗಾಲದಲ್ಲಿ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಂತರೆ ಚಿಗರಿಗೂ ಗತಿಯಿಲ್ಲ, ಬೈಕಿಗೂ ಗತಿಯಿಲ್ಲ. ನಗರದೊಳಗೆ ಕೆಲವೆಡೆ ಚಿಗರಿ ಎಲ್ಲರ ಜೊತೆಯೇ ಓಡುತ್ತದೆ. ಅಲ್ಲಿ ಆಗದ ಮೈಲಿಗೆ ಉಳಿದ ಕಡೆ ಏಕೆ?

ವಿರೋಧ

ಎಲ್ಲರ ಜೊತೆ ಓಡುವ ಕಡೆಯೇ ಚಿಗರಿ ತಡವಾಗುವುದು. ಮಿಕ್ಕ ದಾರಿಯನ್ನೂ ಹಾಗೆಯೇ ಮಾಡಿ ಎಂದು ಕೇಳುವುದು ವಿಚಿತ್ರ. ಒಂದು ಬಸ್ಸಿನಲ್ಲಿ ಕೂತವರನ್ನೂ ನಿಂತವರನ್ನೂ ಕಾರುಗಳಿಗೆ ಹಂಚಿ ನೋಡಿ, ಆಗ ಖಾಲಿ ಜಾಗದ ಲೆಕ್ಕ ತಿಳಿಯುತ್ತದೆ.

ಚಿಗರಿ ಹತ್ತುವ ಬಾಗಿಲು ಬಲಬದಿಗಿದೆ. ಅದು ನಿಲ್ದಾಣದ ಕಟ್ಟೆಗೆ ಸರಿಯಾಗಿ ಹೊಂದುವಂತೆ ಚಾಲಕ ಬಸ್ಸು ತಂದು ನಿಲ್ಲಿಸಬೇಕು. ಅಲ್ಲೇ ಯಾರೋ ಕಾರು ನಿಲ್ಲಿಸಿ ಫೋನಿನಲ್ಲಿ ಮಾತಿಗಿಳಿದರೆ ಹಿಂದಿನ ಬಸ್ಸುಗಳೆಲ್ಲ ಸಾಲುಗಟ್ಟುತ್ತವೆ. ನಮ್ಮವರು ಹಾಗೆ ನಿಲ್ಲಿಸುವುದಿಲ್ಲ ಎಂದು ಆಣೆ ಮಾಡುವವರಿದ್ದರೆ ಮುಂದೆ ಬರಲಿ. ದಾಟುವ ಕಷ್ಟ ನಿಜ. ಅದಕ್ಕೆ ಪಾದಚಾರಿಗಳ ಸಿಗ್ನಲ್ ಬೇಕು; ನಡುವಿನ ಪಥಕ್ಕೂ ಕಾರು ಬಿಟ್ಟರೆ ಮುದುಕರಿಗೆ ಗಂಡಾಂತರ ಹೆಚ್ಚುತ್ತದೆ, ಅಷ್ಟೆ.

2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ 2020ರಲ್ಲಿ ಉದ್ಘಾಟನೆಯಾದ ಈ ಸೇವೆಯ ನಿಜವಾದ ಕೊರತೆ ಬೇರೆ. ಹುಬ್ಬಳ್ಳಿಯಲ್ಲಿ ಬಿವಿಬಿ ಕಾಲೇಜು ಚಿಗರಿ ಓಡುವ ರಸ್ತೆಗೆ ಹತ್ತಿರ, ಅಲ್ಲಿನ ವಿದ್ಯಾರ್ಥಿಗಳಿಗೆ ಇಳಿದ ಮೇಲೆ ಚಿಂತೆಯಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇರುವುದು ಪಾವಟೆ ನಗರದಲ್ಲಿ. ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿನಿ ಜ್ಯುಬಿಲಿ ವೃತ್ತದಲ್ಲಿಳಿದು ಇನ್ನೊಂದು ವಾಹನ ಹುಡುಕಬೇಕು. ಚಿಗರಿಯಲ್ಲಿ ಉಳಿಸಿದ ನಿಮಿಷಗಳೆಲ್ಲ ಅಲ್ಲಿಯೇ ಕರಗುತ್ತವೆ. ಚಿಕ್ಕಮಲ್ಲಿಗವಾಡದ ಐಐಟಿಯಂತೂ ಇನ್ನೂ ದೂರ. ಬೇಲಿ ಕೀಳುವ ಉತ್ಸಾಹವನ್ನು ಜ್ಯುಬಿಲಿ ವೃತ್ತದಿಂದ ಪಾವಟೆ ನಗರಕ್ಕೆ ಚಿಗರಿಯ ವೇಳೆಗೆ ಹೊಂದುವ ಸಣ್ಣ ಬಸ್ಸು ಬಿಡಿಸುವುದಕ್ಕೆ ತೋರಿಸಲಿ. ಅದಕ್ಕೆ ಒಂದೇ ಟಿಕೆಟ್ ಸಾಕಾಗುವಂತೆಯೂ ಮಾಡಲಿ.